ಒತ್ತಿದರೆ ತಿರುಗಿ ಒತ್ತುವ ದ್ರವ್ಯ: ನ್ಯೂಟ್ರಾನ್ ನಕ್ಷತ್ರಗಳ ಒಡಲಲ್ಲಿ ಏನಿದೆ?



ನ್ಯೂಟ್ರಾನ್ ನಕ್ಷತ್ರದ ಬಗ್ಗೆ ಯಾರು ಮಾತಾಡಲು ನಿಂತರೂ ಮೊದಲು ಚಮಚದ ಲೆಕ್ಕ ಬರುತ್ತದೆ. ಒಂದು ಚಮಚ ದ್ರವ್ಯ ಇಷ್ಟು ಬೆಟ್ಟ ತೂಗುತ್ತದೆ, ಅಷ್ಟು ಆನೆ ತೂಗುತ್ತದೆ ಎಂದು. ಆ ಶಾಸ್ತ್ರವನ್ನು ಮೊದಲೇ ಮುಗಿಸಿಬಿಡುತ್ತೇನೆ. ನಮ್ಮ ಸೂರ್ಯನ ಒಂದೂವರೆ ಪಟ್ಟಿನಷ್ಟು ದ್ರವ್ಯ ಸುಮಾರು ಇಪ್ಪತ್ತೈದು ಕಿಲೊಮೀಟರ್ ಅಡ್ಡಳತೆಯ ಗೋಳದಲ್ಲಿ ಅಡಕವಾಗಿದೆ. ಯಾವುದೇ ಪರಮಾಣುವಿನ ನ್ಯೂಕ್ಲಿಯಸ್ಸಿನ ಒಳಗೆ ಎಷ್ಟು ಸಾಂದ್ರತೆ ಇದೆಯೋ ಅಷ್ಟನ್ನೇ ಇಟ್ಟುಕೊಂಡರೂ ಒಂದು ಘನ ಸೆಂಟಿಮೀಟರಿಗೆ ಸುಮಾರು 27 ಕೋಟಿ ಟನ್. ನಕ್ಷತ್ರದ ನಟ್ಟನಡುವೆ ಅದರ ಹಲವು ಪಟ್ಟು. ಬೆರಗಾಗುವ ಸಂಖ್ಯೆಯೇ ಸರಿ. ಆದರೆ ತೂಕ ಹೇಳಿದ ಮಾತ್ರಕ್ಕೆ ಆ ದ್ರವ್ಯ ಏನು ಎಂಬುದು ತಿಳಿಯುವುದಿಲ್ಲ. ತಿಳಿಯಬೇಕಾದರೆ ಬೇರೆ ಪ್ರಶ್ನೆ ಕೇಳಬೇಕು: ಅದನ್ನು ಇನ್ನೂ ಸ್ವಲ್ಪ ಒತ್ತಿದರೆ ಅದು ಎಷ್ಟು ಬಲವಾಗಿ ತಿರುಗಿ ಒತ್ತುತ್ತದೆ? ಸಾಂದ್ರತೆಗೂ ಒತ್ತಡಕ್ಕೂ ಇರುವ ಈ ನಂಟನ್ನು ಭೌತವಿಜ್ಞಾನದಲ್ಲಿ ಸ್ಥಿತಿ ಸಮೀಕರಣ ಎನ್ನುತ್ತೇವೆ. ಕಳೆದ ತೊಂಬತ್ತು ವರ್ಷಗಳ ಹುಡುಕಾಟವೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಒಂದು ಸಮೀಕರಣದ ಬಾಗಿಲಲ್ಲಿ. ಇಂದಿನ ನನ್ನ ಮಾತೂ ಅಷ್ಟೇ.

ಮೊದಲು ಶ್ವೇತಕುಬ್ಜಗಳ, ಅಂದರೆ ಉರಿದು ಮುಗಿದ ನಕ್ಷತ್ರಗಳು ಬಿಟ್ಟುಹೋದ ದಟ್ಟ ತಿರುಳುಗಳ, ಕಥೆಯನ್ನು ಬೇಗ ದಾಟುತ್ತೇನೆ. ಲುಬ್ಧಕ ನಕ್ಷತ್ರದ ಜೊತೆಗಾರ ಅಂಥದ್ದೊಂದು; ಸೂರ್ಯನಷ್ಟು ತೂಕದ್ದು, ಗಾತ್ರದಲ್ಲಿ ಮಾತ್ರ ಭೂಮಿಯಷ್ಟು. ಅದು ಕುಸಿಯದೆ ನಿಂತಿರುವುದು ಎಲೆಕ್ಟ್ರಾನುಗಳಿಂದ. ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಲಾರವು ಎಂಬ ಪೌಲಿ ತತ್ತ್ವದಿಂದ ಹುಟ್ಟುವ ಒತ್ತಡವೇ ಅದಕ್ಕೆ ಆಧಾರ ಎಂದು 1926ರಲ್ಲಿ ರಾಲ್ಫ್ ಫೌಲರ್ ತೋರಿಸಿದರು. 1930ರಲ್ಲಿ ಬೊಂಬಾಯಿಯಿಂದ ಹಡಗು ಹತ್ತಿದ ಹತ್ತೊಂಬತ್ತರ ಹುಡುಗ ಸುಬ್ರಹ್ಮಣ್ಯನ್ ಚಂದ್ರಶೇಖರ್ ಆ ಲೆಕ್ಕಕ್ಕೆ ಸಾಪೇಕ್ಷತೆಯನ್ನು ಸೇರಿಸಿ ನೋಡಿದರು. ಈ ಆಧಾರಕ್ಕೂ ಒಂದು ಮಿತಿ ಇದೆ ಎಂಬುದು ಹೊರಬಿತ್ತು. ಇಂದು ನಾವು ಹೇಳುವ ಅಂಕಿ, ಸೂರ್ಯನ ರಾಶಿಯ 1.4 ಪಟ್ಟು. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯಲ್ಲಿ ಖಗೋಳವಿಜ್ಞಾನಿ ಎಡ್ಡಿಂಗ್ಟನ್ ಅದನ್ನು ಗೇಲಿ ಮಾಡಿದ ಪ್ರಸಂಗವನ್ನು ನೀವೆಲ್ಲ ಸಾಕಷ್ಟು ಸಲ ಕೇಳಿದ್ದೀರಿ, ಮತ್ತೆ ಹೇಳುವುದಿಲ್ಲ. ನಮಗೆ ಬೇಕಾದದ್ದು ಅದರಾಚೆಯ ಪ್ರಶ್ನೆ: ಮಿತಿ ಮೀರಿದ ಮೇಲೆ ಏನು?

ಚಾಡ್‌ವಿಕ್ ನ್ಯೂಟ್ರಾನನ್ನು ಕಂಡುಹಿಡಿದದ್ದು 1932ರಲ್ಲಿ. ಎರಡೇ ವರ್ಷದೊಳಗೆ ವಾಲ್ಟರ್ ಬಾಡೆ, ಫ್ರಿಟ್ಸ್ ಜ್ವಿಕಿ ಇಬ್ಬರೂ ಸೂಪರ್‌ನೋವಾ ಸ್ಫೋಟವೆಂದರೆ ಸಾಮಾನ್ಯ ನಕ್ಷತ್ರ ನ್ಯೂಟ್ರಾನ್ ನಕ್ಷತ್ರವಾಗುವ ಘಳಿಗೆ ಎಂದು ಬರೆದರು. ಆಗ ಅದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಕೇಂಬ್ರಿಜ್‌ನಲ್ಲಿ ಜೋಸೆಲಿನ್ ಬೆಲ್ ಮೊದಲ ಪಲ್ಸಾರನ್ನು, ಅಂದರೆ ಸುತ್ತುತ್ತ ಮಿಡಿಯುವಂತೆ ಕಾಣುವ ನ್ಯೂಟ್ರಾನ್ ನಕ್ಷತ್ರವನ್ನು, ಗುರುತಿಸಲು 1967 ಬರಬೇಕಾಯಿತು. ಈ ಎರಡರ ನಡುವೆ, 1939ರಲ್ಲಿ, ಒಂದು ಲೆಕ್ಕ ನಡೆಯಿತು. ನನ್ನ ಅಭಿಪ್ರಾಯದಲ್ಲಿ ಈ ಇಡೀ ವಿಷಯದಲ್ಲಿ ಅತ್ಯಂತ ಹೆಚ್ಚು ಕಲಿಸುವ ಲೆಕ್ಕ ಅದೇ. ಅತ್ಯಂತ ಕಡಿಮೆ ಕಲಿಸಲಾಗುತ್ತಿರುವುದೂ ಅದೇ.

ರಾಬರ್ಟ್ ಓಪನ್‌ಹೈಮರ್, ಜಾರ್ಜ್ ವೋಲ್ಕಾಫ್ ಇಬ್ಬರೂ ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತೆಯನ್ನು ಬಳಸಿ, ಬರೀ ನ್ಯೂಟ್ರಾನುಗಳ ಗೋಳ ಎಷ್ಟು ಭಾರ ತಡೆದೀತು ಎಂದು ಲೆಕ್ಕ ಹಾಕಿದರು. ನ್ಯೂಟ್ರಾನುಗಳ ನಡುವೆ ಯಾವ ಬಲವೂ ಇಲ್ಲ, ಪೌಲಿ ತತ್ತ್ವದ ಒತ್ತಡವೊಂದೇ ಇದೆ ಎಂದು ಇಟ್ಟುಕೊಂಡರು. ಬಂದ ಉತ್ತರ 0.7 ಸೂರ್ಯ ರಾಶಿ. ಅಷ್ಟೇ! ಈಗ ಆಕಾಶದ ಸಾಕ್ಷಿ ನೋಡಿ. 1974ರಲ್ಲಿ ಹಲ್ಸ್, ಟೇಲರ್ ಕಂಡುಹಿಡಿದ ಜೋಡಿಯಲ್ಲಿ ಪಲ್ಸಾರ್ 1.44, ಅದರ ಜೊತೆಗಾರ 1.39. ಅಂದರೆ ಪೌಲಿ ತತ್ತ್ವವೊಂದನ್ನೇ ನಂಬಿದ್ದರೆ ಈ ಎರಡೂ ನಕ್ಷತ್ರಗಳು ಎಂದೋ ಕಪ್ಪುಕುಳಿಗಳಾಗಿರಬೇಕಿತ್ತು. ಆಗಿಲ್ಲ. ಹಾಗಾದರೆ ಎತ್ತಿ ಹಿಡಿದಿರುವುದು ಯಾವುದು? ನ್ಯೂಕ್ಲಿಯಸ್ಸಿನ ಬಲ. ಎರಡು ನ್ಯೂಟ್ರಾನುಗಳು ಒಂದಿಷ್ಟು ದೂರದಲ್ಲಿದ್ದಾಗ ಒಂದನ್ನೊಂದು ಸೆಳೆಯುತ್ತವೆ. ತೀರಾ ಹತ್ತಿರ ತಂದರೆ ಅದೇ ಬಲ ಜೋರಾಗಿ ದೂಡುತ್ತದೆ. ನಕ್ಷತ್ರ ನಿಂತಿರುವುದು ಈ ದೂಡುವಿಕೆಯ ಮೇಲೆ. "ಶ್ವೇತಕುಬ್ಜಕ್ಕೆ ಎಲೆಕ್ಟ್ರಾನ್ ಒತ್ತಡ, ನ್ಯೂಟ್ರಾನ್ ನಕ್ಷತ್ರಕ್ಕೆ ನ್ಯೂಟ್ರಾನ್ ಒತ್ತಡ" ಎಂದು ಒಂದೇ ಅಚ್ಚಿನಲ್ಲಿ ಎರಡನ್ನೂ ಎರಕ ಹೊಯ್ದು ಕಲಿಸುವ ಪಾಠ ಅರ್ಧ ಸತ್ಯ. ಪರೀಕ್ಷೆಗೆ ಸಾಕು, ಪ್ರಕೃತಿಗೆ ಸಾಲದು.

ತೊಡಕು ಶುರುವಾಗುವುದೂ ಇಲ್ಲೇ. ಪೌಲಿ ತತ್ತ್ವದ ಒತ್ತಡವನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ನ್ಯೂಕ್ಲಿಯಸ್ಸಿನ ಬಲ ಹಾಗಲ್ಲ. ಅದರ ಮೂಲ ಸಿದ್ಧಾಂತ, ಅಂದರೆ ಕ್ವಾರ್ಕುಗಳ ಸಿದ್ಧಾಂತ, ನಮ್ಮ ಕೈಯಲ್ಲಿದೆ. ಆದರೆ ಇಷ್ಟು ದಟ್ಟವಾದ, ಇಷ್ಟು ತಣ್ಣಗಿನ ದ್ರವ್ಯಕ್ಕೆ ಆ ಸಮೀಕರಣಗಳನ್ನು ಹಚ್ಚಿದರೆ ಸೂಪರ್‌ಕಂಪ್ಯೂಟರುಗಳೂ ಕೈಚೆಲ್ಲುತ್ತವೆ. ಧನ ಋಣ ಸಂಖ್ಯೆಗಳು ಒಂದನ್ನೊಂದು ಹೊಡೆದುಹಾಕುತ್ತ ಹೋಗಿ ಉತ್ತರವೇ ಮುಳುಗಿಹೋಗುತ್ತದೆ. ಹೀಗಾಗಿ ನಕ್ಷತ್ರವನ್ನೇ ಕೇಳಬೇಕು.

ಮೇಲಿನಿಂದ ಒಳಕ್ಕೆ ಇಳಿಯೋಣ. ಹೊರಗೆ ಕೆಲವೇ ಸೆಂಟಿಮೀಟರ್ ದಪ್ಪದ ವಾತಾವರಣ. ಅದರ ಕೆಳಗೆ ಘನವಾದ ಚಿಪ್ಪು, ಸುಮಾರು ಒಂದು ಕಿಲೊಮೀಟರ್. ಚಿಪ್ಪಿನ ಮೇಲ್ಭಾಗದಲ್ಲಿ ಕಬ್ಬಿಣದಂಥ ನ್ಯೂಕ್ಲಿಯಸ್ಸುಗಳು ಸಾಲಾಗಿ ಹರಳುಗಟ್ಟಿವೆ, ನಡುವೆ ಎಲೆಕ್ಟ್ರಾನುಗಳು. ಕೆಳಗಿಳಿದಷ್ಟೂ ಒತ್ತಡ ಏರಿ, ಎಲೆಕ್ಟ್ರಾನುಗಳು ಪ್ರೋಟಾನುಗಳೊಳಗೆ ನುಗ್ಗಿ ಅವನ್ನು ನ್ಯೂಟ್ರಾನುಗಳಾಗಿಸುತ್ತವೆ. ನ್ಯೂಕ್ಲಿಯಸ್ಸುಗಳು ನ್ಯೂಟ್ರಾನಿನಿಂದ ಉಬ್ಬುತ್ತ ಹೋಗುತ್ತವೆ. ಘನ ಸೆಂಟಿಮೀಟರಿಗೆ ಸುಮಾರು ನಾಲ್ಕು ಲಕ್ಷ ಟನ್ ಮುಟ್ಟಿದಾಗ ಹಿಡಿಸಲಾರದೆ ನ್ಯೂಟ್ರಾನುಗಳು ಹೊರಗೆ ತೊಟ್ಟಿಕ್ಕುತ್ತವೆ. ಅಲ್ಲಿಂದ ಒಳಚಿಪ್ಪು ಶುರು. ಅದರ ತಳದಲ್ಲಿ, ನ್ಯೂಕ್ಲಿಯಸ್ಸಿನ ಸಾಂದ್ರತೆಯ ಅರ್ಧದಷ್ಟು ಬರುವ ಹೊತ್ತಿಗೆ, ದುಂಡು ನ್ಯೂಕ್ಲಿಯಸ್ಸುಗಳು ದುಂಡಾಗಿ ಉಳಿಯುವುದಿಲ್ಲ. ಮೊದಲು ಕಡುಬಿನಂತೆ ನೀಳವಾಗಿ, ಆಮೇಲೆ ಶಾವಿಗೆಯಂತೆ ಎಳೆಯಾಗಿ, ಕೊನೆಗೆ ಒಂದರ ಮೇಲೊಂದು ಹಾಸಿದ ಹಾಳೆಗಳಾಗುತ್ತವೆ. 1983-84ರಲ್ಲಿ ಈ ಆಕಾರಗಳ ಲೆಕ್ಕ ಹಾಕಿದ ಮೇಲೆ ಭೌತವಿಜ್ಞಾನಿಗಳು ಇದನ್ನು ನ್ಯೂಕ್ಲಿಯರ್ ಪಾಸ್ತಾ ಎಂದೇ ಕರೆಯತೊಡಗಿದರು. 2018ರ ಒಂದು ಕಂಪ್ಯೂಟರ್ ಲೆಕ್ಕದ ಪ್ರಕಾರ ವಿಶ್ವದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಇರಲಿಕ್ಕಿಲ್ಲ.

ಇದೆಲ್ಲ ಬರೀ ಲೆಕ್ಕವೇ, ಒಳಗಿನ ಸಾಕ್ಷಿ ಏನಾದರೂ ಇದೆಯೇ ಎಂದು ಕೇಳಬಹುದು. ಇದೆ. ಅದನ್ನು ಮೊದಲು ಕಂಡವರಲ್ಲಿ ಒಬ್ಬರು ಮುಂದೆ ನಮ್ಮ ಬೆಂಗಳೂರಿನಲ್ಲೇ ಇಪ್ಪತ್ತೆರಡು ವರ್ಷ ಸಂಸ್ಥೆಯೊಂದನ್ನು ನಡೆಸಿದವರು: ವಿ. ರಾಧಾಕೃಷ್ಣನ್. ಸಿ. ವಿ. ರಾಮನ್ನರ ಮಗ ಎಂಬುದು ಅವರ ಬಗ್ಗೆ ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿರಬೇಕಾದದ್ದು ಅವರು 1969ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ಎಂಬಲ್ಲಿ, 64 ಮೀಟರ್ ಅಗಲದ ರೇಡಿಯೋ ದೂರದರ್ಶಕದಲ್ಲಿ, ರಿಚರ್ಡ್ ಮ್ಯಾಂಚೆಸ್ಟರ್ ಜೊತೆಗೂಡಿ ಮಾಡಿದ ಕೆಲಸ.

ವೇಲಾ ಪಲ್ಸಾರ್ ಸೆಕೆಂಡಿಗೆ ಹನ್ನೊಂದು ಸುತ್ತು ಸುತ್ತುತ್ತದೆ. ಒಂದು ಸುತ್ತಿಗೆ 89 ಮಿಲಿಸೆಕೆಂಡು. ಶಕ್ತಿ ಹೊರಹೋಗುತ್ತಿರುವುದರಿಂದ ವೇಗ ದಿನದಿನಕ್ಕೆ ಇಳಿಯುತ್ತದೆ. ಸುತ್ತಿನ ಅವಧಿ ದಿನಕ್ಕೆ ಸುಮಾರು 11 ನ್ಯಾನೊಸೆಕೆಂಡಿನಂತೆ ಹಿಗ್ಗುತ್ತದೆ. ಹೀಗೆ ಅಳೆಯುತ್ತಿರುವಾಗ, ಫೆಬ್ರುವರಿ ಕೊನೆಗೂ ಮಾರ್ಚ್ ಮೊದಲಿಗೂ ನಡುವೆ ಎಂದೋ ಒಂದು ದಿನ, ಅವಧಿ ಹಿಗ್ಗುವ ಬದಲು ಸುಮಾರು 200 ನ್ಯಾನೊಸೆಕೆಂಡು ಕುಗ್ಗಿತ್ತು. ಮೂರು ವಾರಗಳ ನಿಧಾನ ಒಂದೇ ಏಟಿಗೆ ಅಳಿಸಿಹೋದಂತೆ. ನಕ್ಷತ್ರ ತಾನಾಗಿ ವೇಗ ಹೆಚ್ಚಿಸಿಕೊಂಡಿತ್ತು! ಹೊರಗಿನಿಂದ ಯಾರೂ ತಿರುಗಿಸಿಲ್ಲ. ಅಮೆರಿಕದ ಇಬ್ಬರು ವಿಜ್ಞಾನಿಗಳೂ ಬೇರೆಯಾಗಿಯೇ ಇದನ್ನು ಕಂಡಿದ್ದರು. ಎರಡೂ ವರದಿಗಳು 'ನೇಚರ್' ಪತ್ರಿಕೆಯಲ್ಲಿ ಬಂದವು.

ನೆಗೆತಕ್ಕಿಂತ ಅದರ ಆಮೇಲಿನ ನಡೆ ಹೆಚ್ಚು ವಿಚಿತ್ರ. ವೇಗ ಏರಿದ್ದು ಥಟ್ಟನೆ. ಹಳೆಯ ಹದಕ್ಕೆ ಮರಳಲು ಮಾತ್ರ ವಾರ, ತಿಂಗಳುಗಳೇ ಬೇಕಾದವು. ಇಡೀ ನಕ್ಷತ್ರ ಒಂದೇ ಗಟ್ಟಿ ಉಂಡೆಯಾಗಿದ್ದರೆ ಹೀಗೆ ಆಗುವುದು ಸಾಧ್ಯವಿಲ್ಲ. ಅದೇ ವರ್ಷ ಗಾರ್ಡನ್ ಬೇಮ್, ಕ್ರಿಸ್ಟೋಫರ್ ಪೆಥಿಕ್, ಡೇವಿಡ್ ಪೈನ್ಸ್, ಮಾಲ್ವಿನ್ ರುಡರ್ಮನ್ ನಾಲ್ವರೂ ಹೇಳಿದರು: ಚಿಪ್ಪಿಗೆ ಅಷ್ಟಾಗಿ ಅಂಟಿಕೊಳ್ಳದ ಒಂದು ದ್ರವ ಒಳಗಿದೆ, ಅದು ಅತಿದ್ರವ. ಅಂದರೆ ಸ್ನಿಗ್ಧತೆಯೇ ಇಲ್ಲದ ದ್ರವ. ಸೋವಿಯತ್ ವಿಜ್ಞಾನಿ ಅರ್ಕಾದಿ ಮಿಗ್ದಾಲ್ ಹತ್ತು ವರ್ಷ ಮೊದಲೇ, 1959ರಲ್ಲಿ, ಇದನ್ನು ಊಹಿಸಿದ್ದರು. ಪ್ರಯೋಗಾಲಯದಲ್ಲಿ ಹೀಲಿಯಂ ಅತಿದ್ರವವಾಗಬೇಕಾದರೆ ಪರಮಶೂನ್ಯದ ಹತ್ತಿರಕ್ಕೆ ತಣಿಸಬೇಕು. ಇಲ್ಲಿ ಹತ್ತು ಕೋಟಿ ಡಿಗ್ರಿ ಶಾಖದಲ್ಲೂ ನ್ಯೂಟ್ರಾನುಗಳು ಅತಿದ್ರವವಾಗಿವೆ. ಅಷ್ಟು ದಟ್ಟವಾದ ದ್ರವ್ಯಕ್ಕೆ ಹತ್ತು ಕೋಟಿ ಡಿಗ್ರಿ ಎಂದರೂ ತಣ್ಣಗೆಯೇ.

ಅತಿದ್ರವ ಇಡಿಯಾಗಿ ತಿರುಗುವುದಿಲ್ಲ, ಸಣ್ಣ ಸಣ್ಣ ಸುಳಿಗಳಾಗಿ ತಿರುಗುತ್ತದೆ. ವೇಲಾದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಹತ್ತಾರು ಸಾವಿರ ಸುಳಿಗಳಿರಬೇಕು ಎನ್ನುತ್ತದೆ ಲೆಕ್ಕ. ದ್ರವ ನಿಧಾನವಾಗಬೇಕಾದರೆ ಸುಳಿಗಳು ಹೊರಕ್ಕೆ ಸರಿಯಬೇಕು. ಆದರೆ ಒಳಚಿಪ್ಪಿನ ನ್ಯೂಕ್ಲಿಯಸ್ಸುಗಳಿಗೆ ಅವು ಸಿಕ್ಕಿಕೊಂಡಿರುತ್ತವೆ. ಚಿಪ್ಪು ನಿಧಾನವಾಗುತ್ತ ಹೋಗುತ್ತದೆ, ದ್ರವ ಹಳೆಯ ವೇಗದಲ್ಲೇ ಉಳಿಯುತ್ತದೆ. ವ್ಯತ್ಯಾಸ ಬೆಳೆದು ಒಂದು ದಿನ ಸುಳಿಗಳು ಒಟ್ಟಿಗೇ ಕಳಚಿಕೊಂಡಾಗ ದ್ರವ ತನ್ನ ವೇಗವನ್ನು ಚಿಪ್ಪಿಗೆ ದಾಟಿಸುತ್ತದೆ. 1975ರಲ್ಲಿ ಫಿಲಿಪ್ ಆಂಡರ್ಸನ್, ನವೊಕಿ ಇಟೊ ಕೊಟ್ಟ ವಿವರಣೆ ಇದು. ವೇಲಾ ಅಂದಿನಿಂದ ಎರಡು ಮೂರು ವರ್ಷಕ್ಕೊಮ್ಮೆ ಹೀಗೆ ನೆಗೆಯುತ್ತಲೇ ಇದೆ. 2016ರ ಡಿಸೆಂಬರ್ 12ರ ನೆಗೆತವಂತೂ ಟಾಸ್ಮೇನಿಯಾದ 26 ಮೀಟರಿನ ದೂರದರ್ಶಕ ನೋಡುತ್ತಿದ್ದಂತೆಯೇ ನಡೆಯಿತು. ಆ ಕ್ಷಣದಲ್ಲಿ ಒಂದು ಮಿಡಿತವೇ ಕಾಣೆಯಾಗಿತ್ತು.

ರಾಧಾಕೃಷ್ಣನ್ 1972ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಬಂದ ಮೇಲೆ ಈ ವಿಷಯ ಬೆಂಗಳೂರಿನಲ್ಲಿ ಬೇರು ಬಿಟ್ಟಿತು. ಸೆಕೆಂಡಿಗೆ 642 ಸುತ್ತು ಸುತ್ತುವ ಪಲ್ಸಾರ್ 1982ರಲ್ಲಿ ಸಿಕ್ಕಾಗ, ಅದು ಹಳೆಯ ನಕ್ಷತ್ರವೇ ಜೊತೆಗಾರನಿಂದ ದ್ರವ್ಯ ಸೆಳೆದುಕೊಂಡು ವೇಗ ಪಡೆದಿದೆ ಎಂದು ಕೂಡಲೇ ವಿವರಿಸಿದವರಲ್ಲಿ ಅವರೂ ಜಿ. ಶ್ರೀನಿವಾಸನ್ ಅವರೂ ಇದ್ದರು. 1990ರಲ್ಲಿ ಶ್ರೀನಿವಾಸನ್ ಮತ್ತು ಸಂಗಡಿಗರು ಇನ್ನೂ ಒಳಕ್ಕೆ ಹೋದರು. ನ್ಯೂಟ್ರಾನ್ ದ್ರವದ ಸುಳಿಗಳು ಹೊರಕ್ಕೆ ಸರಿಯುವಾಗ, ಪ್ರೋಟಾನುಗಳ ಅತಿವಾಹಕದಲ್ಲಿ ಸಿಕ್ಕಿಬಿದ್ದ ಕಾಂತಕ್ಷೇತ್ರದ ಎಳೆಗಳನ್ನೂ ತಮ್ಮೊಂದಿಗೆ ಎಳೆದೊಯ್ಯುತ್ತವೆ, ಹಾಗಾಗಿ ನಿಧಾನವಾಗುವ ನಕ್ಷತ್ರದ ಕಾಂತಬಲವೂ ಕುಂದುತ್ತದೆ ಎಂದು. ಸುತ್ತುವಿಕೆಗೂ ಕಾಂತತ್ವಕ್ಕೂ ಒಳಗಿನಿಂದಲೇ ಗಂಟು ಹಾಕಿದ ಸೊಗಸಾದ ವಿಚಾರ ಅದು.

ಇಷ್ಟರ ಮೇಲೂ ನಾವಿನ್ನೂ ಚಿಪ್ಪಿನಲ್ಲೂ ಅದರ ಆಸುಪಾಸಿನಲ್ಲೂ ಇದ್ದೇವೆ. ಒಳತಿರುಳು ಬಾಕಿ ಇದೆ. ಅಲ್ಲಿ ಏನಿದೆ ಎಂಬುದಕ್ಕೆ ಮೂರು ನಾಲ್ಕು ಅಭ್ಯರ್ಥಿಗಳು. ಬಹುಪಾಲು ನ್ಯೂಟ್ರಾನುಗಳೇ ಇದ್ದು, ಅಲ್ಪಸ್ವಲ್ಪ ಪ್ರೋಟಾನ್, ಎಲೆಕ್ಟ್ರಾನ್ ಇರಬಹುದು. ಒತ್ತಡ ಹೆಚ್ಚಾದಂತೆ ಹೈಪರಾನ್ ಎಂಬ ಭಾರದ ಕಣಗಳು ಹುಟ್ಟಬಹುದು. ನಮ್ಮಲ್ಲಿ ಕ್ಷಣಮಾತ್ರ ಬದುಕುವ ಇವು ಅಲ್ಲಿ ಸ್ಥಿರವಾಗಿ ಉಳಿಯಬಲ್ಲವು. ಇಲ್ಲವೇ ನ್ಯೂಟ್ರಾನುಗಳೇ ಕರಗಿ ಒಳಗಿನ ಕ್ವಾರ್ಕುಗಳು ಬಿಡಿಯಾಗಬಹುದು. ವಿಶ್ವದಲ್ಲಿ ಅತ್ಯಂತ ಸ್ಥಿರವಾದ ದ್ರವ್ಯವೆಂದರೆ ಸ್ಟ್ರೇಂಜ್ ಎಂಬ ಬಗೆಯ ಕ್ವಾರ್ಕುಗಳೂ ಸೇರಿದ ದ್ರವ್ಯವಿರಬಹುದು ಎಂದು 1984ರಲ್ಲಿ ಎಡ್ವರ್ಡ್ ವಿಟನ್ ವಾದಿಸಿದ್ದೂ ಉಂಟು. ಅದು ಜಾಣ ವಾದ. ಆಕಾಶದಿಂದ ಸಾಕ್ಷಿ ಮಾತ್ರ ಬಂದಿಲ್ಲ.

ಈ ಅಭ್ಯರ್ಥಿಗಳನ್ನು ಜರಡಿ ಹಿಡಿಯಲು ನಾನು ಮೊದಲು ಹೇಳಿದ ಪ್ರಶ್ನೆಯೇ ಸಾಕು. ಹೊಸ ಕಣ ಹುಟ್ಟಿತೆಂದರೆ ಒತ್ತಡಕ್ಕೆ ಒಂದು ತೂತು ಸಿಕ್ಕಂತೆ, ದ್ರವ್ಯ ಮೆದುವಾಗುತ್ತದೆ. ಮೆದು ದ್ರವ್ಯ ಹೆಚ್ಚು ಭಾರ ತಡೆಯಲಾರದು. ಹೈಪರಾನುಗಳನ್ನು ಸೇರಿಸಿದ ಅನೇಕ ಲೆಕ್ಕಗಳು ನಕ್ಷತ್ರ ಎರಡು ಸೂರ್ಯರಷ್ಟು ತೂಗಲಾರದು ಎಂದೇ ಹೇಳುತ್ತಿದ್ದವು. 2010ರಲ್ಲಿ ಪಾಲ್ ಡೆಮೊರೆಸ್ಟ್ ತಂಡ ಅಮೆರಿಕದ ಗ್ರೀನ್ ಬ್ಯಾಂಕ್ ದೂರದರ್ಶಕದಿಂದ ಜೆ1614-2230 ಎಂಬ ಪಲ್ಸಾರನ್ನು ತೂಗಿತು. ಅದರ ಸುತ್ತ ಒಂದು ಶ್ವೇತಕುಬ್ಜ ಇದೆ. ಕಕ್ಷೆ ನಮ್ಮ ಕಡೆಗೆ ಅಡ್ಡಲಾಗಿರುವುದರಿಂದ ಮಿಡಿತಗಳು ಶ್ವೇತಕುಬ್ಜದ ಪಕ್ಕದಲ್ಲೇ ಹಾದು ಬರುತ್ತವೆ. ಅದರ ಗುರುತ್ವದಿಂದ ಬಾಗಿದ ದೇಶದಲ್ಲಿ ಹಾಯುವಾಗ ಹತ್ತಾರು ಮೈಕ್ರೊಸೆಕೆಂಡು ತಡವಾಗುತ್ತವೆ. ಆ ತಡವನ್ನು ಅಳೆದು ಹೇಳಿದ ತೂಕ 1.97 ಸೂರ್ಯ. ಮುಂದಿನ ಅಳತೆಗಳಲ್ಲಿ ಅದು 1.91ಕ್ಕೆ ಇಳಿಯಿತು. ಆದರೆ 2.08ರ ಇನ್ನೊಂದು ಸಿಕ್ಕಿತು. ಒಂದೇ ಏಟಿಗೆ ಹತ್ತಾರು ಸ್ಥಿತಿ ಸಮೀಕರಣಗಳು ಕಸದ ಬುಟ್ಟಿ ಸೇರಿದವು. ಹೈಪರಾನುಗಳು ಇಲ್ಲವೆಂದಲ್ಲ, ಇದ್ದರೂ ಅವೂ ಪರಸ್ಪರ ದೂಡಲೇಬೇಕು. ಈ ಒಗಟನ್ನು ಇನ್ನೂ ಯಾರೂ ಬಿಡಿಸಿಲ್ಲ.

ತೂಕದ ಜೊತೆಗೆ ಅಳತೆಯೂ ಬೇಕು. ಎಷ್ಟೋ ಜ್ಯೋತಿರ್ವರ್ಷಗಳಾಚೆಯ ಒಂದು ಊರಿನಷ್ಟು ಅಗಲದ ಗೋಳದ ತ್ರಿಜ್ಯವನ್ನು ಅಳೆಯುವುದು ಹೇಗೆ? 2017ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ನಾಸಾ ಕಳಿಸಿದ ನೈಸರ್ ಉಪಕರಣ ಒಂದು ದಾರಿ ತೋರಿಸಿತು. ಪಲ್ಸಾರಿನ ಮೈಮೇಲೆ ಬಿಸಿ ಮಚ್ಚೆಗಳಿರುತ್ತವೆ, ಅವು ಎಕ್ಸ್-ಕಿರಣ ಸೂಸುತ್ತವೆ. ನಕ್ಷತ್ರದ ಗುರುತ್ವ ಬೆಳಕನ್ನು ಎಷ್ಟು ಬಾಗಿಸುತ್ತದೆಂದರೆ ಮಚ್ಚೆ ಬೆನ್ನ ಹಿಂದೆ ಹೋದಾಗಲೂ ಅದರ ಬೆಳಕು ಬಳಸಿಕೊಂಡು ನಮ್ಮತ್ತ ಬರುತ್ತದೆ. ಹಾಗಾಗಿ ಮಿಡಿತ ಪೂರ್ತಿ ಆರುವುದಿಲ್ಲ. ಎಷ್ಟು ಆರುತ್ತದೆ ಎಂಬುದರಲ್ಲಿ ರಾಶಿ ಮತ್ತು ತ್ರಿಜ್ಯದ ಅನುಪಾತ ಅಡಗಿದೆ. 2019ರಲ್ಲಿ ಜೆ0030+0451 ಪಲ್ಸಾರಿಗೆ ಎರಡು ತಂಡಗಳು ಕೊಟ್ಟ ತ್ರಿಜ್ಯ ಸುಮಾರು 13 ಕಿಲೊಮೀಟರ್, ರಾಶಿ 1.4ರ ಆಸುಪಾಸು. ಮಚ್ಚೆಗಳು ಎರಡೂ ಒಂದೇ ಅರ್ಧಗೋಳದಲ್ಲಿದ್ದವು. ಎದುರು-ಬದುರು ಎರಡು ಧ್ರುವ ಬರೆದು ತೋರಿಸುವ ನಮ್ಮ ಚಿತ್ರಗಳನ್ನು ತಿದ್ದಬೇಕು. 2021ರಲ್ಲಿ 2.08 ಸೂರ್ಯ ತೂಗುವ ನಕ್ಷತ್ರದ ಸರದಿ. ಒಂದು ತಂಡ 12.4 ಎಂದಿತು, ಇನ್ನೊಂದು 13.7.

ಗಮನಿಸಿ: ತೂಕ ಅರ್ಧದಷ್ಟು ಹೆಚ್ಚಿದೆ, ತ್ರಿಜ್ಯ ಹೆಚ್ಚುಕಡಿಮೆ ಅಲ್ಲೇ ಇದೆ. ಅಷ್ಟು ಭಾರ ಹೇರಿದರೂ ದ್ರವ್ಯ ಕುಗ್ಗಿಲ್ಲ. ತಿರುಳು ಗಟ್ಟಿ ಎಂಬುದಕ್ಕೆ ಇದಕ್ಕಿಂತ ನೇರವಾದ ಮಾತು ಬೇರೆ ಇಲ್ಲ.

ಇನ್ನೊಂದು ಸಾಕ್ಷಿ ತುಸು ಬೇರೆ ದಿಕ್ಕಿಗೆ ಎಳೆಯುತ್ತದೆ. 2017ರ ಆಗಸ್ಟ್ 17ರಂದು, 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಸುತ್ತುತ್ತ ಬಂದು ಒಂದಾದವು. ಲೈಗೋ, ವರ್ಗೋ ವೀಕ್ಷಣಾಲಯಗಳು ಆ ಗುರುತ್ವ ಅಲೆಗಳನ್ನು ನೂರು ಸೆಕೆಂಡಿನಷ್ಟು ಕಾಲ ಕೇಳಿದವು, 1.7 ಸೆಕೆಂಡಿನ ನಂತರ ಗಾಮಾ ಕಿರಣಗಳ ಮಿಂಚು ಬಂತು. ಡಿಕ್ಕಿಗೆ ಮೊದಲು ಪ್ರತಿ ನಕ್ಷತ್ರವೂ ಇನ್ನೊಂದರ ಸೆಳೆತಕ್ಕೆ ಸಿಕ್ಕಿ ಜಗ್ಗುತ್ತದೆ. ಹೆಚ್ಚು ಜಗ್ಗಿದರೆ ಅಲೆಯ ಲಯ ಬೇಗ ಕೆಡುತ್ತದೆ. ಅವು ಅಷ್ಟೇನೂ ಜಗ್ಗಿರಲಿಲ್ಲ. ಇದರಿಂದ ಬಂದ ತ್ರಿಜ್ಯ ಸುಮಾರು 12 ಕಿಲೊಮೀಟರ್, ಮತ್ತು ತೀರಾ ಗಟ್ಟಿ ಎನ್ನುವ ಸ್ಥಿತಿ ಸಮೀಕರಣಗಳೂ ಬಿದ್ದುಹೋದವು. ಎರಡನ್ನೂ ಕೂಡಿಸಿ ಓದಿದರೆ, ನ್ಯೂಕ್ಲಿಯಸ್ಸಿನ ಎರಡು ಪಟ್ಟು ಸಾಂದ್ರತೆಯ ಹತ್ತಿರ ದ್ರವ್ಯ ಸ್ವಲ್ಪ ಮೆದು. ಅದರಾಚೆ ದಿಢೀರನೆ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾಗುವುದು ಏಕೆ? ಕ್ವಾರ್ಕುಗಳತ್ತ ಬೆರಳು ತೋರುವವರು ಈಗ ಹೆಚ್ಚಾಗುತ್ತಿದ್ದಾರೆ. ಅತಿ ಭಾರದ ನಕ್ಷತ್ರಗಳ ತಿರುಳು ಕ್ವಾರ್ಕ್ ದ್ರವ್ಯವೇ ಎಂದು 2020ರಲ್ಲಿ ಒಂದು ತಂಡ ವಾದಿಸಿತು. ನನಗೆ ಕೇಳಿದರೆ, ವಾದ ಬಲವಾಗಿದೆ, ತೀರ್ಪು ಬರೆಯುವಷ್ಟು ಬಲ ಇನ್ನೂ ಬಂದಿಲ್ಲ. 2024ರಲ್ಲಿ ಹತ್ತಿರದ ಪಲ್ಸಾರ್ ಜೆ0437-4715ಕ್ಕೆ 11.4 ಕಿಲೊಮೀಟರ್ ತ್ರಿಜ್ಯ ಬಂದ ಮೇಲೆ ಚರ್ಚೆ ಮತ್ತೆ ಕಾವೇರಿದೆ.

ಭೂಮಿಯ ಮೇಲಿನ ಪ್ರಯೋಗವೊಂದನ್ನೂ ಹೇಳಬೇಕು. ಸೀಸದ ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನುಗಳಿಗಿಂತ ನ್ಯೂಟ್ರಾನುಗಳು ಹೆಚ್ಚು, ಅವು ಅಂಚಿನಲ್ಲಿ ಒಂದು ತೆಳು ಪದರವಾಗಿರುತ್ತವೆ. ಅಮೆರಿಕದ ವರ್ಜೀನಿಯಾದಲ್ಲಿರುವ ಜೆಫರ್ಸನ್ ಪ್ರಯೋಗಾಲಯ 2021ರಲ್ಲಿ ಆ ಪದರದ ದಪ್ಪ 0.28 ಫೆಮ್ಟೊಮೀಟರ್ ಎಂದಿತು. ಆ ಪದರವನ್ನು ಹೊರದೂಡುವ ಒತ್ತಡವೇ ಹನ್ನೆರಡು ಕಿಲೊಮೀಟರ್ ತ್ರಿಜ್ಯದ ನಕ್ಷತ್ರವನ್ನೂ ಹಿಗ್ಗಿಸುತ್ತದೆ. ಸೀಸದ ಉತ್ತರ ದೊಡ್ಡ ನಕ್ಷತ್ರದ ಕಡೆ ವಾಲಿತು. ಅದೇ ಪ್ರಯೋಗಾಲಯ ಮರುವರ್ಷ ಕ್ಯಾಲ್ಸಿಯಮ್ಮಿನಲ್ಲಿ ಅಳೆದಾಗ ಪದರ ತೆಳುವಾಗಿತ್ತು. ಎರಡನ್ನೂ ಒಪ್ಪಿಸುವ ಸಿದ್ಧಾಂತಕ್ಕಾಗಿ ಇಂದಿಗೂ ತಿಣುಕಾಟ ನಡೆದಿದೆ.

ನಮ್ಮ ನೆಲದ ಕೆಲಸವನ್ನು ಬಿಟ್ಟರೆ ತಪ್ಪಾದೀತು. ಎರಡು ಕಾಯಗಳು ಸುತ್ತುತ್ತ ಹತ್ತಿರವಾಗುವಾಗ ಹೊರಡುವ ಗುರುತ್ವ ಅಲೆಯ ನಿಖರ ಆಕಾರವನ್ನು ಬಾಲ ಅಯ್ಯರ್ ಅವರು ಬೆಂಗಳೂರಿನಲ್ಲಿ ಕುಳಿತು ಫ್ರಾನ್ಸಿನ ಸಂಗಡಿಗರೊಂದಿಗೆ ವರ್ಷಾನುಗಟ್ಟಲೆ ಲೆಕ್ಕ ಹಾಕಿದರು. ಅಂಥ ಲೆಕ್ಕವಿಲ್ಲದೆ ಲೈಗೋದ ಗದ್ದಲದಿಂದ ಸಂಕೇತವನ್ನು ಹೆಕ್ಕಲು ಆಗುತ್ತಿರಲಿಲ್ಲ. 2024ರ ಜನವರಿ 1ರಂದು ಇಸ್ರೊ ಹಾರಿಸಿದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿರುವ ಪೋಲಿಕ್ಸ್ ಉಪಕರಣ ರಾಮನ್ ಸಂಶೋಧನಾ ಸಂಸ್ಥೆ ತಯಾರಿಸಿದ್ದು. ನ್ಯೂಟ್ರಾನ್ ನಕ್ಷತ್ರಗಳ ಕಾಂತಕ್ಷೇತ್ರದಿಂದ ಬರುವ ಎಕ್ಸ್-ಕಿರಣಗಳ ಧ್ರುವೀಕರಣ ಅದರ ಗುರಿಗಳಲ್ಲಿ ಒಂದು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಲೈಗೋ-ಇಂಡಿಯಾಕ್ಕೆ ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಕೆಲಸ ಶುರು ಮಾಡಿದರೆ ಇಂಥ ಡಿಕ್ಕಿಗಳ ಜಾಗ ಹುಡುಕುವುದು ಎಷ್ಟೋ ಸುಲಭವಾಗುತ್ತದೆ.

ಸಭೆಯಲ್ಲಿರುವ ಭೌತವಿಜ್ಞಾನ ಅಧ್ಯಾಪಕರಲ್ಲಿ ಒಂದು ಮನವಿ. 2017ರ ಆ ಡಿಕ್ಕಿಯ ಮೂಲ ದತ್ತಾಂಶ, ನೈಸರ್ ದಾಖಲಿಸಿದ ಎಕ್ಸ್-ಕಿರಣಗಳ ಪಟ್ಟಿ, ಎರಡೂ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಅಂತರ್ಜಾಲದಲ್ಲಿ ಪುಕ್ಕಟೆಯಾಗಿವೆ. ಓಪನ್‌ಹೈಮರ್-ವೋಲ್ಕಾಫ್ ಲೆಕ್ಕವನ್ನು ಪದವಿ ಕೊನೆಯ ವರ್ಷದ ವಿದ್ಯಾರ್ಥಿ ಕಾಲೇಜಿನ ಕಂಪ್ಯೂಟರಿನಲ್ಲೇ ಪೈಥಾನ್ ಬಳಸಿ ಮಾಡಬಹುದು. ದೂಡುವ ಬಲ ಸೇರಿಸದೆ ಒಮ್ಮೆ, ಸೇರಿಸಿ ಒಮ್ಮೆ. 0.7 ಎಂಬ ಉತ್ತರ ಎರಡರತ್ತ ಏರುವುದನ್ನು ಅವರು ತಮ್ಮ ಪರದೆಯ ಮೇಲೇ ನೋಡಲಿ. ಮುಂದಿನ ವರ್ಷದ ಪ್ರಾಜೆಕ್ಟುಗಳನ್ನು ಹಂಚುವಾಗ ಇದನ್ನೂ ಒಂದು ಪಟ್ಟಿಗೆ ಸೇರಿಸಿ.